ಹದ

ಒಲೆಗೆ ರಚ್ಚು ಹಾಕುವವನು ನಾನು.
ಕೊಪ್ಪರಿಗೆಯ ಮುಂದೆ ನಿಲ್ಲುವವನು ನಿಂಗಪ್ಪಾಜಿ.
ಕೀಲಾರದ ಸುತ್ತ ಏಳು ಆಲೆಮನೆಗೆ
ಅವನ ಕಣ್ಣೇ ತಕ್ಕಡಿ.

ಕುದಿಯ ಸದ್ದು ಕೇಳಿಯೇ ಅನ್ನುತ್ತಿದ್ದ,
‘ಇನ್ನೂ ಎಳೆ ಬಂದಿಲ್ಲ, ತಡೀರ್ಲಾ.’
ತಣ್ಣೀರಿಗೆ ಬಿಟ್ಟ ತೊಟ್ಟನ್ನು ಬೆರಳಲ್ಲಿ ಉಂಡೆ ಮಾಡಿ
ಕಲ್ಲಿಗೆ ಹೊಡೆದರೆ ಟಣ್.
ಇಳಿಸಿ ಅಂದರೆ ಇಳಿಸಬೇಕು.
ಹನ್ನೆರಡು ವರ್ಷ, ಒಂದು ಅಚ್ಚು ಕೆಟ್ಟದ್ದಿಲ್ಲ.

ಒಂದು ಸಂಜೆ ಬೀಡಿ ಹಚ್ಚುತ್ತಾ, ಸುಮ್ಮನೆ,
‘ಪುಟ್ಟತಾಯಿ ನಗ್ತಾ ಇದ್ಲಲ್ಲ, ಗಾಣದ ಹಿಂದೆ,
ಬೋರಲಿಂಗನ ಜತೆ’ ಅಂದೆ.
ಅಷ್ಟೇ. ಹಸಿ ರಚ್ಚಿನ ಒಂದು ಹಿಡಿ.
ಉರಿಯಲಿಲ್ಲ ಅದು,
ಹೊಗೆಯಾಯಿತು.

ಆಮೇಲೆ ಅವನಿಗೆ ಎಲ್ಲವೂ ಪಾಕ:
ಅವಳ ಬಳೆಸದ್ದು, ಮಡಿಲಲ್ಲಿ ಕಟ್ಟಿಕೊಂಡ ಏನೋ ಒಂದು,
ಹುಡುಗ ತಲೆ ಬಗ್ಗಿಸಿದ್ದು, ತಲೆ ಎತ್ತಿದ್ದು.
ಎಳೆ ಎಳೆಯಾಗಿ ಎಳೆದು ನೋಡಿದ.
ತಣ್ಣೀರಿಗೆ ಬಿಟ್ಟು ನೋಡಲಿಲ್ಲ.

ಅವತ್ತಿನ ಮೂರನೇ ಅಡಿಗೆ.
ಬೋರಲಿಂಗ ಕೂಗಿದ, ‘ಅಣ್ಣೋ, ಪಾಕ ಮೀರ್ತಾದೆ!’
‘ಹದ ಹೇಳಕ್ಕೆ ನೀನ್ಯಾವನ್ಲಾ?’
ಸಟ್ಟುಗ ಎತ್ತಿದ.
ಅದರಲ್ಲಿ ಇನ್ನೂ ಕುದಿಯುತ್ತಿತ್ತು.

ಓಡಿಬಂದವಳ ಮಡಿಲಗಂಟು ಬೂದಿಯಲ್ಲಿ ಬಿಚ್ಚಿಕೊಂಡಿತು:
ನಾಲ್ಕು ಮಾವಿನಕಾಯಿ,
ಹುಡುಗ ಯಾರದೋ ತೋಟದಲ್ಲಿ ಕದ್ದು ತಂದದ್ದು.
ಮೂರು ತಿಂಗಳು.
ಹಬ್ಬದ ದಿನ ಗಂಡನಿಗೆ ಹೇಳೋಣ ಅಂತಿದ್ದಳಂತೆ.

ಹುಡುಗನಿಗೆ ಈಗ ಒಂದೇ ಕಣ್ಣು.
ಮಳವಳ್ಳಿ ಬಸ್ಸು ಹತ್ತಿದವಳು ಈ ಕಡೆ ತಿರುಗಲಿಲ್ಲ.
ಜೈಲಿಂದ ಬಂದವನು ಮಂಡ್ಯದ ಟೀ ಅಂಗಡಿಯಲ್ಲಿ
ಲೋಟ ಹಿಡಿದು ಪಕ್ಕದವರನ್ನು ಕೇಳುತ್ತಾನೆ,
‘ಸಿಹಿ ಸಾಕಾ ನೋಡಪ್ಪ ಇದಕ್ಕೆ?’

ಅವತ್ತು ಕೊಪ್ಪರಿಗೆಯನ್ನು ಯಾರೂ ಇಳಿಸಲಿಲ್ಲ.
ಬೆಲ್ಲ ಸೀದು ಕರಿಕಲಾಗುವ ತನಕ
ರಚ್ಚು ಹಾಕುತ್ತಲೇ ಇದ್ದೆ
ನಾನು.