ಮುದ್ದೆ ಲೆಕ್ಕ

ಹೆಡ್‌ಮೇಡಂ ಬರೀತಾವ್ರೆ ವರ್ಷದ ವರದಿ,
ಕನ್ನಡಕ ಮೂಗಿನ ತುದಿಗೆ, ಟೀ ಆರಿ ಕೆನೆ ಕಟ್ಟೈತೆ.
"ದೊಡ್ಡತಾಯಮ್ಮ, ಖೋಖೋ ಕಪ್ಪು ಬಂದದ್ದು ಯಾವತ್ತು?
ತಾರೀಕು ನೆನಪೈತಾ?"
ತಾರೀಕು ನಂಗೇನ್ ಗೊತ್ತು ತಾಯಿ.
ಅವತ್ತು ರಾತ್ರಿ ಹನ್ನೆರಡು ಮುದ್ದೆ ಕಾಯ್ತಾ ಕುಂತಿದ್ವು,
ಅಷ್ಟು ಗೊತ್ತು.

ದಿನಾ ನೂರ ನಲವತ್ತೊಂದು.
ಎಸರು ಕುದ್ದು, ಹಿಟ್ಟು ಬಿಟ್ಟು, ಕೋಲು ತಿರುವಿ,
ಕೈ ಒದ್ದೆ ಮಾಡ್ಕಂಡು ಕಲ್ಲ ಮೇಲೆ ಕಟ್ಟೋದು.
ಒಂದು ಮಿಕ್ಕುದ್ರೆ ಯಾರ್ಗೋ ಜ್ವರ,
ಒಂದು ಸಾಲದೆ ಬಂದ್ರೆ ಯಾರ್ಗೋ ಲೆಕ್ಕದ ಪರೀಕ್ಷೆ ಸಲೀಸು.
ನನ್ನ ವರದಿ ಇಷ್ಟೇಯ.

ಅವತ್ತು ಕೋಳಿ ಕೂಗೋಕೆ ಮುಂಚೆ
ಚಿತ್ರಾನ್ನ ಕಟ್ಟಿ ಕಳುಸ್ದೆ ಮಂಡ್ಯದ ಮೈದಾನಕ್ಕೆ.
ನಾಲೆ ಏರಿ ಮೇಲೆ ಟೆಂಪೋದ ಕೆಂಪು ದೀಪ
ಕಬ್ಬಿನ ಗದ್ದೇಲಿ ಮರೆಯಾಗೋಗಂಟ ನೋಡ್ತಾ ನಿಂತೆ.
ಬಂದಾಗ ರಾತ್ರಿ ಹನ್ನೊಂದು.
ಧನುಶ್ರೀ ಮಂಡಿ ತರಚಿ, ಗಾಯಕ್ಕೆ ಮಣ್ಣು ಮೆತ್ಕಂಡು,
ಬಗಲಲ್ಲಿ ಕಪ್ಪು,
ನನ್ನ ಸಾರಿನ ಸವಟಿಗಿಂತ ಗೇಣು ಕಮ್ಮಿ.
ತಣ್ಣಗಾದ ಮುದ್ದೇನ ಮಜ್ಜಿಗೇಲಿ ಕಿವುಚಿ
ಕಪ್ಪಿಗೇ ಸುರ್ಕಂಡು ಸುತ್ತು ಕೂತು ಕುಡುದ್ರು ಮಕ್ಕಳು.
ಈಗದು ಆಫೀಸಿನ ಗಾಜಿನ ಬೀರುವಲ್ಲಿ.
ಬಂದೋರೆಲ್ಲ ಹೊಳಪು ನೋಡ್ತಾರೆ.
ಹತ್ರ ಹೋಗಿ ಮೂಸಿದ್ರೆ ಇನ್ನೂ ಹುಳಿ ಮಜ್ಜಿಗೆ.

ಅಲ್ಫಿಯಾ ಮೂರು ದಿನ ಅಡುಗೆಮನೇಲೇ ಕೂತಿದ್ಲು
ದಾರದ ತುದಿಗೆ ಬಣ್ಣದ ಕಾಗ್ದ ಕಟ್ಕಂಡು,
ಹೊಗೆ ಎತ್ಲಾಗ್ ಹೋಯ್ತದೆ ಅಂತ.
"ಎತ್ಲಾಗ್ ಹೋಯ್ತದವ್ವ, ನನ್ ಕಣ್ಣಿಗೇ" ಅಂದೆ.
ನಗ್ನಿಲ್ಲ ಅವಳು. ಬರ್ಕಂಡ್ಲು.
ಹಳೇ ಎಣ್ಣೆ ಡಬ್ಬ ಆರು, ಕೆರೆಯ ಜೇಡಿಮಣ್ಣು, ಸೈಕಲ್ ರಿಮ್ಮು,
ಒಲೆ ಮೇಲೆ ಕೊಳವೆ ಎದ್ದು ನಿಂತ್ಕತು.
ವಿಜ್ಞಾನ ಪ್ರದರ್ಶನಕ್ಕೆ ಅದರ ಮರೀನ ರಟ್ಟಲ್ಲಿ ಮಾಡ್ಕಂಡ್ ಹೋದ್ಲು.
ಎರಡನೇ ಬಹುಮಾನ.
ಮೊದಲ್ನೇದು ಯಾವುದೋ ಹಾರೋ ಯಂತ್ರಕ್ಕಂತೆ.
ಆಗ್ಲಿ ಬುಡಿ. ಅದು ಹಾರ್ತದೆ, ಇಳೀತದೆ.
ಇದು ದಿನಾ ಬೆಳಗ್ಗೆ ಹೊಗೆ ಹೊತ್ಕಂಡು
ಕುಂತಿಬೆಟ್ಟದ ಕಡೆ ಬುಟ್ಟು ಬತ್ತದೆ.
ಎಂಟು ವರ್ಷದ ಮೇಲೆ ನಾನೀಗ
ಈರುಳ್ಳಿಗೆ ಮಾತ್ರ ಅಳ್ತೀನಿ.

ಇಂಚರ ಚರ್ಚಾಸ್ಪರ್ಧೇಲಿ ಪರವಾಗೂ ಗೆದ್ಲು, ವಿರೋಧವಾಗೂ ಗೆದ್ಲು.
ಮೈಸೂರಿನ ಸಭೇಲಿ ಎದುರು ಕೂತ ಹುಡುಗನ ಬಾಯಿ ಒಣಗೋಯ್ತಂತೆ.
ಭಾನುವಾರ ವಾರ್ಡನ್ ಫೋನು ಕೈಗೆ ಕೊಟ್ರೆ, ಮೂರು ನಿಮಿಷ,
"ಹೂಂ ಅವ್ವ... ಹೂಂ... ಉಂಡೆ... ಹೂಂ."
ಫೋನು ಇಟ್ಟು ಬಂದು, ನಾನು ಕರೀದಿದ್ರೂ,
ಒಂದ್ ಮೊರ ಅವರೆಕಾಯಿ ಸುಲೀತಾಳೆ.

ಹೇಳಿದ್ದೆಲ್ಲ ಮೇಡಂ ಬರ್ಕಂಡ್ರು. ಮಜ್ಜಿಗೆ ಬುಟ್ರು.
ಹುಲಿಗೆಮ್ಮನ್ದು ಹೇಳ್ಲಾ ಬ್ಯಾಡ್ವಾ ಅಂತ ಸೆರಗು ತಿರುವ್ತಾ ನಿಂತೆ.

ಬಳ್ಳಾರಿ ಕಡೆಯೋಳು. ಅಪ್ಪ ಅವ್ವ ಕಬ್ಬು ಕಡಿಯೋಕೆ ಬಂದೋರು
ಆರನೇ ಕ್ಲಾಸಿಗೆ ಬುಟ್ಟು ಮುಂದಿನ ಊರಿಗೆ ಹೋದ್ರು.
ಮೊದಲ ದಿನ ಮುದ್ದೇನ ಕಚ್ಚಿ ಅಗುದ್ಬುಟ್ಲು.
ಊಟದ ಮನೆಯೇ ನಕ್ಬುಡ್ತು.
"ರೊಟ್ಟಿ ಇಲ್ಲೇನ್ಬೇ" ಅಂದ್ಲು, ಆಮೇಲೆ ತಿಂಗಳು ಮಾತಿಲ್ಲ.
ಬರೀ ಅನ್ನ. ಬರೀ ಸಾರು.
ನನ್ನ ಲೆಕ್ಕ ನೂರ ನಲವತ್ತಕ್ಕೆ ನಿಂತ್ಕಂಡಿತ್ತು.

ಹೋದ ಬುಧವಾರ, ಸೊಪ್ಪಿನ ಸಾರು.
ನಾನು ನೋಡ್ನಿಲ್ಲ ಅನ್ನಂಗೆ ನೋಡ್ತಿದ್ದೆ.
ಒಂದು ತುತ್ತು ಮುರುದ್ಲು, ಸಾರಲ್ಲಿ ಹೊರಳಿಸಿದ್ಲು,
ನಾಲೆಗೆ ಧುಮುಕೋ ಹುಡುಗ್ರಂಗೆ ಕಣ್ಣು ಬಿಗಿ ಮುಚ್ಚಿ
ನುಂಗಿದ್ಲು.
ಗಂಟಲು ಒಂದ್ ಸಲ ಏರಿ ಇಳೀತು.
ಧನುಶ್ರೀ ಸೀಟಿ ಹೊಡುದ್ಲು.
ತಟ್ಟೆ ಮುಂದಕ್ಕೆ ತಳ್ಳಿ,
ಯಾರ ಮುಖಾನೂ ನೋಡ್ದೆ,
"ಇನ್ನೊಂದ್ ಅರ್ಧ" ಅಂದ್ಲು.

ಮೇಡಂ, ತಾರೀಕು ಬೇಕಂದ್ರೆ ಇದ್ರದ್ದು ಐತೆ ನನ್ ತಾವ.
ಇದ್ದಿಲಲ್ಲಿ ಗೋಡೆ ಮೇಲೆ ಗೀಟು ಎಳ್ದಿವ್ನಿ,
ಅಲ್ಫಿಯಾ ಕೊಳವೆ ಪಕ್ಕ, ಮಸಿ ಹಿಡೀದ ಜಾಗದಲ್ಲಿ:
ನೂರ ನಲವತ್ತೊಂದೂವರೆ.

ವರದೀಲಿ ಹಾಕೋದು ಬುಡೋದು ನಿಮ್ಮಿಷ್ಟ.
ರೇಷನ್ ಪಟ್ಟೀಲಿ ಮಾತ್ರ ಒಂದು ಸೇರುಸ್ಕಳಿ,
ಜೋಳದ ಹಿಟ್ಟು, ಐದು ಸೇರು, ಭಾನುವಾರಕ್ಕೆ.
ತಟ್ಟೋಕೆ ನಂಗೆ ಬರಾಕಿಲ್ಲ.
ಅವಳಿಗೆ ಬತ್ತದಂತೆ.