ಹನ್ನೊಂದನೆ ಖಣಿ

ಶಹಾಬಾದಿನ ಟಪಾಲು ಕಚೇರಿಯ ವಿಂಗಡಣೆ ಕಪಾಟು:
ನಲವತ್ತೆರಡು ಗೂಡು, ಗೂಡಿಗೊಂದು ಊರು.
ಮೂರನೆಯ ಸಾಲಿನ ಕಡೇ ಗೂಡಿನ ಹೆಸರನ್ನು
ಯಾರೋ ಬ್ಲೇಡಿನಿಂದ ಹೆರೆದಿದ್ದಾರೆ.
ನಾನು ಬದಲಿಯಾಗಿ ಬಂದಂದಿನಿಂದ
ಅದರಲ್ಲಿ ನಮ್ಮ ಚಹಾದ ಲೋಟಗಳು.

ಒಂದು ಶನಿವಾರ ಚೀಲ ಕಟ್ಟಿ ಕಳಿಸಿದ ಮೇಲೆ
ಬ್ಯಾಟರಿಯನ್ನು ಓರೆ ಹಿಡಿದು ನೋಡಿದೆ.
ಮೊದಲಿಗೊಂದು 'ಹ', ಕೊನೆಗೊಂದು 'ಣಿ',
ಅವುಗಳ ಅಡಿಯಲ್ಲಿ ಇನ್ನೂ ಹಳೆಯದೊಂದು ಬರಹ,
ಬಲದಿಂದ ಎಡಕ್ಕೆ ಹೋಗುತ್ತಿದ್ದದ್ದು,
ಒಂದು ಚುಕ್ಕೆ ಮಾತ್ರ ಉಳಿದಿತ್ತು.

ಕಲಬುರಗಿಯ ದೊಡ್ಡ ಕಚೇರಿಯಲ್ಲಿ
ರಜಿಸ್ಟರಿಗೆ ಗೆದ್ದಲು ಎಂದರು.
ನಕಾಶೆಯಲ್ಲಿ ಆ ಜಾಗ ಬರೀ ನೀಲಿ.
ಹಳೆಯ ಹರಕಾರ ಮಹಾಂತಪ್ಪ ಮಾತ್ರ
ಹಲ್ಲಿಲ್ಲದ ಬಾಯಿ ತುಂಬ ನಕ್ಕ:

'ಹನ್ನೊಂದನೆ ಖಣಿ! ಅದು ಊರಲ್ರಿ ಬಾಯಾರ,
ಗುತ್ತೇದಾರನ ಲೆಕ್ಕ.
ಹತ್ತರಾಗ ಪರಸಿ ಮುಗೀತು, ಹನ್ನೊಂದು ತೋಡಿದರು.
ಪಾಲಮೂರಿಂದ ಮಂದಿ ಬಂತು, ಸೊಲ್ಲಾಪುರದಿಂದ ಬಂತು,
ಗುಡಸಲಾ ಎದ್ದವು, ಕೂಸು ಹುಟ್ಟಿದವು, ಸತ್ತವರನ್ನೂ ಅಲ್ಲೇ ಹೂಳಿದರು.
ಆದ್ರೂ ಊರಂತ ಯಾರೂ ಅನಲಿಲ್ಲ
ಠಸ್ಸೆ ಬರೋತನಕ.'

ಠಸ್ಸೆ ಇದ್ದದ್ದು ಬಂದಗೀಸಾಬನ ಕೈಯಲ್ಲಿ.
ಅರ್ಧ ದಿನ ಕಿರಾಣಿ, ಅರ್ಧ ದಿನ ಸರಕಾರ.
ತೆಲುಗಿನ ಕಾಗದ ಓದಿದರೆ ತೆಲುಗಿನಲ್ಲಿ ಅಳುತ್ತಿದ್ದನಂತೆ,
ಮರಾಠಿಯದಾದರೆ ಮರಾಠಿಯಲ್ಲಿ.
ಮನಿಯಾರ್ಡರ್ ಫಾರಮಿನ ಎರಡು ಬೆರಳಗಲದಲ್ಲಿ
'ಎಮ್ಮೆ ಮಾರಬೇಡ, ಬರುತ್ತೇನೆ' ಎಂದು ಬರೆದುಕೊಟ್ಟು
ಎಮ್ಮೆಗೆ ಒಂದಾಣೆ ತಗೊಳ್ಳುವನು,
'ಬರುತ್ತೇನೆ'ಗೆ ಏನೂ ಇಲ್ಲ.

ಒಂದು ದಿನ ಖಣಿಯ ತಳದಲ್ಲಿ ನೀರು ಒಡೆಯಿತು.
ಪಂಪಿನ ಡೀಸೆಲ್ಲು ಕಲ್ಲಿಗಿಂತ ತುಟ್ಟಿ.
ದೀಪಾವಳಿಯೊಳಗೆ ಮಂದಿ ಖಾಲಿ.
ವಿಳಾಸ ಬಿಟ್ಟು ಹೋಗಲಿಲ್ಲ ಯಾರೂ,
ಇದ್ದದ್ದೇ ಅದೊಂದು ವಿಳಾಸ.
ಕಚೇರಿ ಮುಚ್ಚುವ ಹುಕುಂ ಬರಲು ಏಳು ತಿಂಗಳು;
ಅಲ್ಲಿಯತನಕ ಬಂದಗೀಸಾಬ
ದಿನಾ ಬೆಳಿಗ್ಗೆ ಠಸ್ಸೆಯ ತಾರೀಖು ಬದಲಿಸಿ
ರಿಕಾಮಿ ಹಾಳೆಯ ಮೇಲೆ ಒತ್ತಿದ.

ಸ್ಕೂಟಿ ದಾರಿಯಲ್ಲೇ ನಿಲ್ಲಿಸಿ
ಬಳ್ಳಾರಿ ಜಾಲಿಯಲ್ಲಿ ಸೆರಗು ಹರಿದುಕೊಂಡು ನಾನು ಕಂಡದ್ದು
ಹಸಿರು ನೀರಿನ ಒಂದು ಚೌಕ,
ಅಂಚಿಗೆ ಮೂರು ಒಲೆಯ ಕಲ್ಲು,
ಸುಟ್ಟ ಕಪ್ಪು ಇನ್ನೂ ಹೋಗಿಲ್ಲ.

ಆಚೆಯ ಗೇಟಿನ ಬೋರಿಂಗಿನಡಿ ಪೆಂಟವ್ವ ಬಟ್ಟೆ ಒಗೆಯುತ್ತಿದ್ದಳು.
ಒಗೆಯುವ ಬಂಡೆಯ ಬಲಕ್ಕೆ ದುಂಡನೆಯ ತಗ್ಗು,
ರೂಪಾಯಿಗಿಂತ ತುಸು ದೊಡ್ಡದು.
'ಸಾಬನ ಕಟ್ಟೀ ಕಲ್ಲು ಇದು' ಅಂದಳು,
'ಠಸ್ಸೆಯ ಗಾದಿ ಹರೀತು, ಹೊಸಾದು ಕಳಸಲೇ ಇಲ್ಲ ನಿಮ್ಮೋರು.
ಬಡದೂ ಬಡದೂ ತಗ್ಗು ಬಿತ್ತು.
ಚಲೋ ಆತು, ಸಾಬಾಣ ಜಾರಂಗಿಲ್ಲ.'

ನಾನು ಟಪಾಲಿನವಳು ಎಂದು ತಿಳಿದದ್ದೇ
ಕೈ ಸೀರೆಗೆ ಒರೆಸಿಕೊಂಡಳು.
'ನಮ್ಮಕ್ಕ ಪಾಲಮೂರಿಗೆ ಹೋದಳು. ಕಾಗದ ಹಾಕ್ತೀನಿ ಅಂದಿದ್ದಳು.
ಹನ್ನೊಂದನೆ ಖಣಿ ಅಂತ ಬರದರ
ಎಲ್ಲಿಗೆ ಹೋಗ್ತದ ಈಗ?'

ನನಗೆ ಗೊತ್ತಿತ್ತು ಎಲ್ಲಿಗೆ ಹೋಗುತ್ತದೆಂದು.
ಹೇಳಲಿಲ್ಲ. ಹಿಂಡಲು ಸೀರೆಯ ಒಂದು ತುದಿ ಹಿಡಿದೆ.

ಸೋಮವಾರ ಲೋಟಗಳನ್ನು ಕಿಟಕಿಗೆ ಸರಿಸಿ
ಗೂಡನ್ನು ಒದ್ದೆ ಬಟ್ಟೆಯಿಂದ ಒರೆಸಿದೆ.
ಯಾಕೆಂದು ಯಾರೂ ಕೇಳಲಿಲ್ಲ.
ಮಂಗಳವಾರ ಬಂದು ನೋಡಿದರೆ
ಅದರೊಳಗೆ ಸಕ್ಕರೆ ಡಬ್ಬಿ.