ದೇವದುರ್ಗದ ರೆಕಾರ್ಡ್ ರೂಮು, ಹನ್ನೊಂದೂವರೆ

ಹಸಿರು ದೀಪ ಉರಿಯುತ್ತಿದೆ. ವೈರು ಬಿಗಿಯಾಗಿದೆ.
ಮೇಲೆ ಕೈಯಿಟ್ಟರೆ ಮಲಗಿದ ಬೆಕ್ಕಿನಷ್ಟು ಬಿಸಿ.
ಆದರೂ ಕಪ್ಪು ಪರದೆಯಲ್ಲಿ
ಯಾವ್ಯಾವ ಸ್ಕ್ಯಾನರು ಇದೆ ಹೇಳು ಎಂದು ಟೈಪಿಸಿದರೆ
ಒಂದೇ ಸಾಲು: ಏನೂ ಸಿಗಲಿಲ್ಲ.

ಯುಎಸ್‌ಬಿ ಪಟ್ಟಿ ಕೇಳಿದೆ. ಅಲ್ಲಿದೆ,
ಮೌಸಿನ ಕೆಳಗೆ, ನಾಲ್ಕನೇ ಸಾಲಿನಲ್ಲಿ, ನಂಬರಿನ ಸಮೇತ.
ಅಂದರೆ ಬಂದು ಕೂತಿದೆ; ಯಾರೂ ಮಾತಾಡಿಸಿಲ್ಲ.

ಕಿಟಕಿಯಾಚೆ ಗಲಗದ ಹುಲಿಗೆಮ್ಮ
ಇದು ಮೂರನೇ ಸೋಮವಾರ ನಿಂತಿರುವುದು.
"ನಿಜಾಮನ ಕಾಲದ ಕಾಗದ, ಉರ್ದುನ್ಯಾಗ ಐತಿ,
ನಮ್ಮಪ್ಪನ ಹೆಸರೈತಿ. ನೀವು ಇಲ್ಲಂತೀರಿ.
ಗೌಡ್ರು ಬಂದು ಕೇಳಿದ್ರ ಮಾತ್ರ ಹೆಂಗ ಸಿಗತೈತ್ರೀ?"

ನಾನು ತಲೆ ಎತ್ತಲಿಲ್ಲ.
ಅದೇ ಆಜ್ಞೆ, ಈ ಸಲ ಯಜಮಾನನ ಹೆಸರಲ್ಲಿ,
ಸಾಹೇಬರ ಪಾಸ್‌ವರ್ಡ್ ಹಾಕಿ ಒತ್ತಿದೆ.
ತಕ್ಷಣ ಬಂತು: ಕಂಪನಿ, ಮಾಡೆಲ್ಲು, ಪೋರ್ಟು,
ಎಲ್ಲ, ಕೈಕಟ್ಟಿಕೊಂಡು.

ನಗು ಬಂತು. ಆಮೇಲೆ ಬರಲಿಲ್ಲ.

ಸ್ಕ್ಯಾನರಿನ ಗುಂಪಿಗೆ ನನ್ನ ಹೆಸರು ಸೇರಿಸಿದೆ:
ಜುಲೇಖಾ, ಸಣ್ಣ ಅಕ್ಷರದಲ್ಲಿ, ಕಾಂಟ್ರಾಕ್ಟಿನವಳು.
ಹೊರಗೆ ಹೋಗಿ ಮತ್ತೆ ಒಳಗೆ ಬಂದೆ,
ಯಂತ್ರದೊಳಗೆ ಮಾತ್ರ; ಕುರ್ಚಿ ಬಿಟ್ಟೇಳಲಿಲ್ಲ.
ಕೇಳಿದೆ. ಹೇಳಿತು. ಸಾಹೇಬರು ಬೇಕಾಗಲಿಲ್ಲ.

ಮುಚ್ಚಳದಡಿ ಬೆಳಕಿನ ಗೆರೆ ತೆವಳತೊಡಗಿತು.
ಗೆದ್ದಲು ಬಿಟ್ಟ ಕಡೆಯೆಲ್ಲ ಶಾಯಿ,
ಬಲದಿಂದ ಎಡಕ್ಕೆ. ಅಬ್ಬಾ ಕಿವಿ ಹಿಂಡಿ ಕಲಿಸಿದ ಅಲಿಫ್, ಬೇ
ಈ ಕೆಲಸಕ್ಕೆ ಬರುತ್ತದೆಂದು ಅವರಿಗೂ ಗೊತ್ತಿರಲಿಲ್ಲ.

"ನಿಮ್ಮಪ್ಪನ ಹೆಸರು ಇನ್ನೊಮ್ಮೆ ಹೇಳವ್ವ,
ಮೆಲ್ಲಗೆ."